ಪುಸ್ತಕ ಬಚ್ಚಿಡಬೇಡಿ, ಕಾಯಿಲೆಯನ್ನೂ ಬಚ್ಚಿಡಬೇಡಿ

ಮಳೆಗಾಲದ ಒಂದು ಸಂಜೆ. ಮಡಿವಾಳ ಮಾರುಕಟ್ಟೆಗೆ ಹತ್ತಿರವಿರುವ ನನ್ನ ಚಿಕಿತ್ಸಾಲಯಕ್ಕೆ ತಾಯಿಯೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ಪ್ರಥಮ ಪಿಯುಸಿ ಓದುತ್ತಿದ್ದಳು. ಮುಖದಲ್ಲಿ ನಿದ್ದೆಗೆಟ್ಟ ಕಳೆ, ಕಣ್ಣಿನ ಸುತ್ತ ಕಪ್ಪು.

"ಡಾಕ್ಟ್ರೇ, ಒಂದು ತಿಂಗಳಿಂದ ತಲೆನೋವು ಅಂತಾಳೆ. ರಾತ್ರಿ ಒಂದು ಗಂಟೆಯಾದ್ರೂ ಲೈಟು ಆರಿಸಲ್ಲ. ಪಾಠದ ಪುಸ್ತಕ ಓದಿದ್ರೆ ಬೇಡ ಅಂತೀನಾ? ಬರೀ ಕೊಲೆ, ಗುಟ್ಟು, ಸತ್ತವರ ಕಥೆ. ನಮ್ಮ ಮಾತು ಕೇಳಲ್ಲ, ನೀವಾದ್ರೂ ಬುದ್ಧಿ ಹೇಳಿ" ಎಂದರು ತಾಯಿ.

ರಕ್ತದೊತ್ತಡ ನೋಡಿದೆ, ಸರಿಯಾಗಿತ್ತು. ಕನ್ನಡಕದ ನಂಬರ್ ಪರೀಕ್ಷಿಸಿ ಎರಡು ವರ್ಷವಾಗಿತ್ತು. ಬೆಳಗ್ಗೆ ತಿಂಡಿ ಬಿಟ್ಟು ಕಾಲೇಜಿಗೆ ಓಡುತ್ತಿದ್ದಳು. ದಿನಕ್ಕೆ ಐದು ಗಂಟೆಯ ನಿದ್ದೆ. ತಲೆನೋವಿಗೆ ಇಷ್ಟು ಕಾರಣ ಸಾಕು. ಆದರೂ ಆ ಪುಸ್ತಕ ಯಾವುದೆಂದು ಕೇಳಿದೆ. ಚೀಲದಿಂದ ತೆಗೆದು ತೋರಿಸಿದಳು. ಇ. ಲಾಕ್‌ಹಾರ್ಟ್ ಎಂಬ ಅಮೆರಿಕದ ಲೇಖಕಿ 2014ರಲ್ಲಿ ಬರೆದ 'ವಿ ವರ್ ಲೈಯರ್ಸ್'. ದೊಡ್ಡ ಮನೆತನದ ಹುಡುಗಿಯೊಬ್ಬಳಿಗೆ ಅಪಘಾತದ ನಂತರ ನೆನಪು ಅಳಿಸಿಹೋಗಿದೆ, ವಿಪರೀತ ತಲೆನೋವು ಕಾಡುತ್ತಿದೆ. ಆ ಬೇಸಿಗೆಯಲ್ಲಿ ನಿಜವಾಗಿ ಏನಾಯಿತು ಎಂಬುದನ್ನು ಅವಳು ಹುಡುಕುತ್ತಾ ಹೋಗುತ್ತಾಳೆ. ಇದು ಕಥೆ.

ಅಷ್ಟರಲ್ಲಿ ತಾಯಿಗೆ ಫೋನ್ ಬಂತು, ಹೊರಗೆ ಹೋದರು. ಹುಡುಗಿ ತಗ್ಗಿದ ದನಿಯಲ್ಲಿ ಕೇಳಿದಳು: "ಡಾಕ್ಟರೇ, ನಮ್ಮಜ್ಜಿ ಹೇಗೆ ಸತ್ತರು ಅಂತ ನಿಮಗೆ ಗೊತ್ತಾ?"

ಆ ಪ್ರಶ್ನೆಯ ಕಾರಣದಿಂದಲೇ ಈ ವಾರದ ಲೇಖನ ಬರೆಯುತ್ತಿದ್ದೇನೆ. ಮನೆಯವರ ಒಪ್ಪಿಗೆ ಪಡೆದಿದ್ದೇನೆ, ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಹಳೆಯ ದೂರು

ಕೊಲೆ, ರಹಸ್ಯಗಳ ಕಥೆ ಓದಿದರೆ ಮಕ್ಕಳು ಹಾಳಾಗುತ್ತಾರೆ ಎಂಬ ದೂರು ಹೊಸದಲ್ಲ. ಈಗಿನ ಮಕ್ಕಳ ಕೈಯಲ್ಲಿ ಇಂಗ್ಲಿಷ್ ಪುಸ್ತಕವಿದೆ, ಅಷ್ಟೇ. ಶಾಲೆಯ ಪ್ರಾಜೆಕ್ಟ್ ನೆಪದಲ್ಲಿ ಊರಿನ ಹಳೆಯ ಕೊಲೆ ಪ್ರಕರಣವನ್ನು ಕೆದಕುವ ಹುಡುಗಿಯ ಕಥೆ, ಹಾಲಿ ಜಾಕ್ಸನ್ ಅವರ 'ಎ ಗುಡ್ ಗರ್ಲ್ಸ್ ಗೈಡ್ ಟು ಮರ್ಡರ್' (2019), ನನ್ನ ಬಳಿ ಬರುವ ಎಷ್ಟೋ ಹುಡುಗಿಯರ ಚೀಲದಲ್ಲಿದೆ. ಅವರ ಅಜ್ಜ ಅಜ್ಜಿಯರ ಕಾಲದಲ್ಲಿ ಅದೇ ಜಾಗದಲ್ಲಿ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮ ಇದ್ದ. ಐನೂರಕ್ಕೂ ಹೆಚ್ಚು ಕಾದಂಬರಿ ಬರೆದ ನರಸಿಂಹಯ್ಯನವರನ್ನು ಪಂಡಿತರು ಹೆಚ್ಚಾಗಿ ಲೆಕ್ಕಕ್ಕೆ ಹಿಡಿಯಲಿಲ್ಲ. ಆದರೆ ಅವರ ಪುಸ್ತಕ ಹಿಡಿದು ಕನ್ನಡ ಓದುವ ರುಚಿ ಕಂಡ ಜನ ಎಷ್ಟೋ. ಆಮೇಲೆ ಟಿ.ಕೆ. ರಾಮರಾವ್ ಬಂದರು. ಅವರ ಕಾದಂಬರಿಗಳನ್ನು ನಾನು ಬಾಡಿಗೆ ಪುಸ್ತಕದಂಗಡಿಯಿಂದ ತಂದು, ವಿಜ್ಞಾನದ ಪುಸ್ತಕದ ನಡುವೆ ಇಟ್ಟುಕೊಂಡು ಓದಿದವನು. ಹಾಳಾದೆನೋ ಇಲ್ಲವೋ ಎಂಬುದನ್ನು ನನ್ನ ರೋಗಿಗಳು ಹೇಳಬೇಕು.

ಮನೆಯ ಗುಟ್ಟಿನ ಕಥೆಗಳೂ ನಮಗೆ ಹೊಸವಲ್ಲ. ರಾಮರಾಯರದೇ ಕಾದಂಬರಿ 'ಬಂಗಾರದ ಮನುಷ್ಯ'. 1972ರ ರಾಜ್‌ಕುಮಾರ್ ಚಿತ್ರವನ್ನು ನೋಡದ ಮನೆ ಉಂಟೆ? ತೀರಿಹೋದ ಭಾವನಿಗೆ ಇನ್ನೊಂದು ಸಂಸಾರವಿತ್ತು ಎಂಬ ಸತ್ಯವನ್ನು ರಾಜೀವ ಮನೆಯವರಿಂದ ಮುಚ್ಚಿಡುತ್ತಾನೆ. ಒಳ್ಳೆಯ ಉದ್ದೇಶದಿಂದಲೇ ಮುಚ್ಚಿಡುತ್ತಾನೆ. ಆದರೆ ಸಾಕಿದ ಹುಡುಗನೇ ಅದನ್ನು ತಪ್ಪಾಗಿ ತಿಳಿದು ಮಾತಾಡಿದಾಗ ಊಟದ ಎಲೆ ಬಿಟ್ಟು ಎದ್ದು ಹೋಗುತ್ತಾನೆ. ಐದು ದಶಕಗಳಿಂದ ನಾವು ಆ ದೃಶ್ಯಕ್ಕೆ ಕಣ್ಣೀರು ಹಾಕುತ್ತಿದ್ದೇವೆ. ತ್ರಿವೇಣಿಯವರ 'ಶರಪಂಜರ'ವನ್ನೂ ನೆನೆಯಿರಿ. ಮನಶ್ಶಾಸ್ತ್ರ ಓದಿದ್ದ ಆ ಲೇಖಕಿ 1963ರಲ್ಲಿ ಬಹು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡರು. ಹೆರಿಗೆಯ ನಂತರ ಮನೋರೋಗಕ್ಕೆ ತುತ್ತಾದ ಕಾವೇರಿ ಚಿಕಿತ್ಸೆಯಿಂದ ಗುಣವಾಗಿ ಮರಳಿದರೂ, ಸುತ್ತಲಿನವರು ಅವಳನ್ನು ಗುಣವಾದವಳೆಂದು ನೋಡುವುದೇ ಇಲ್ಲ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಚಿತ್ರ ಮಾಡಿದರು. ಕಲ್ಪನಾ ಅವರ ಅಭಿನಯವನ್ನು ಎಲ್ಲರೂ ಹೊಗಳಿದರು. ಹೊಗಳಿ ಮನೆಗೆ ಬಂದು, ತಮ್ಮ ಮನೆಯಲ್ಲೇ ಇದ್ದ ಕಾವೇರಿಯ ವಿಷಯ ಮಾತ್ರ ಯಾರ ಬಳಿಯೂ ಆಡಲಿಲ್ಲ.

ಹುರುಳಿ ಡಬ್ಬಿಯ ಮಾತ್ರೆ

ಬೇರೆಯವರ ಮನೆಯ ಮಾತು ಇರಲಿ, ನಮ್ಮ ಮನೆಯದನ್ನೇ ಹೇಳುತ್ತೇನೆ. 1992ರಲ್ಲಿ ನನಗೆ ಹದಿಮೂರು ವರ್ಷ. ಹಾಸನದ ಕಡೆ ನಮ್ಮೂರು. ಪತ್ತೇದಾರಿ ಕಾದಂಬರಿಗಳನ್ನು ಓದಿ ಓದಿ ಎಲ್ಲದರಲ್ಲೂ ಸುಳಿವು ಹುಡುಕುವ ಚಟ ಹತ್ತಿತ್ತು. ಒಂದು ದಿನ ಅಡುಗೆಮನೆಯ ಹುರುಳಿ ಡಬ್ಬಿಯೊಳಗೆ ಕೈಹಾಕಿದಾಗ ಕಾಗದದಲ್ಲಿ ಸುತ್ತಿದ ಚಿಕ್ಕ ಬಿಳಿ ಮಾತ್ರೆಗಳು ಸಿಕ್ಕವು. ಸೋದರತ್ತೆ ದಿನಾ ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಗೆ ಹೋಗುವುದನ್ನು ನಾನು ನೋಡಿದ್ದೆ. ಎರಡನ್ನೂ ಕೂಡಿಸಿ, ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ, "ಅತ್ತೆಗೆ ಏನು ಕಾಯಿಲೆ?" ಎಂದು ಕೇಳಿಬಿಟ್ಟೆ. ಅಜ್ಜ ಎದ್ದು ಬಂದು ಕೆನ್ನೆಗೆ ಬಾರಿಸಿದರು. "ದೊಡ್ಡವರ ವಿಷಯ ನಿನಗ್ಯಾಕೋ?" ಮರುದಿನ ನನ್ನ ಕಾದಂಬರಿಗಳು ಬಚ್ಚಲ ಒಲೆ ಸೇರಿದವು.

ಮುಂದಿನ ವರ್ಷ ಅತ್ತೆಯ ಮದುವೆಯಾಯಿತು. ಗಂಡನ ಮನೆಯಲ್ಲಿ ಮಾತ್ರೆ ಬಚ್ಚಿಡಲು ಜಾಗವಿರಲಿಲ್ಲ. ಹಾಗಾಗಿ ನಿಲ್ಲಿಸಿಬಿಟ್ಟರು. ಎರಡು ವಾರದೊಳಗೆ ಸೌದೆ ಒಲೆಯ ಮುಂದೆ ಕೂತಿದ್ದಾಗ ಫಿಟ್ಸ್ ಬಂತು, ಬಲಗೈ ಬೆಂಕಿಗೆ ಬಿತ್ತು. ಆ ಮಾತ್ರೆ ಏನೆಂದು ನನಗೆ ತಿಳಿದದ್ದು ಮೆಡಿಕಲ್ ಕಾಲೇಜಿನ ಎರಡನೇ ವರ್ಷದಲ್ಲಿ, ಔಷಧಶಾಸ್ತ್ರದ ತರಗತಿಯಲ್ಲಿ. ಗಾರ್ಡಿನಾಲ್, ಅಂದರೆ ಫಿನೋಬಾರ್ಬಿಟೋನ್. ಮೂರ್ಛೆರೋಗದ ಹಳೆಯ ಔಷಧ. ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಇನ್ನೂ ಜೋರಾಗಿ ಬರುತ್ತದೆ. ಅತ್ತೆಯ ಕೈಯನ್ನು ಸುಟ್ಟದ್ದು ಕಾಯಿಲೆಯಲ್ಲ, ಗುಟ್ಟು ಎಂದು ನಾನು ಇಂದಿಗೂ ನಂಬಿದ್ದೇನೆ.

ಮೂರ್ಛೆರೋಗ ಬಂದವರಲ್ಲಿ ನೂರಕ್ಕೆ ಸುಮಾರು ಎಪ್ಪತ್ತು ಮಂದಿ ಸರಿಯಾದ ಚಿಕಿತ್ಸೆ ದೊರೆತರೆ ಫಿಟ್ಸ್ ಇಲ್ಲದೆ ಬದುಕಬಹುದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಗೆ ಅಡ್ಡಿಯಾಗಿದ್ದ ಅಪಸ್ಮಾರ ಎಂಬ ಪದವನ್ನೇ 1999ರ ತಿದ್ದುಪಡಿಯಲ್ಲಿ ಕಿತ್ತುಹಾಕಲಾಯಿತು. ಕಾನೂನು ಬದಲಾದರೂ ಹುರುಳಿ ಡಬ್ಬಿಗಳು ಬದಲಾಗಿಲ್ಲ. ಮದುವೆಯಾದ ಹೊಸದರಲ್ಲಿ ಮಾತ್ರೆ ಬಿಟ್ಟು ಬಿದ್ದ ಹೆಣ್ಣುಮಕ್ಕಳು ಈಗಲೂ ನನ್ನ ಬಳಿ ಬರುತ್ತಾರೆ.

ಮುಚ್ಚಿದ ಬಾವಿ

ಈಗ ಆ ಹುಡುಗಿಯ ಪ್ರಶ್ನೆಗೆ ಬರೋಣ. ಅವಳೂ ಸುಳಿವು ಕೂಡಿಸಿಟ್ಟಿದ್ದಳು. ತುಮಕೂರು ಕಡೆಯ ಹಳ್ಳಿಮನೆಯ ಗೋಡೆಯಲ್ಲಿ ಎಲ್ಲ ಹಿರಿಯರ ಫೋಟೋ ಇದೆ, ಅಮ್ಮನ ತಾಯಿಯದು ಮಾತ್ರ ಇಲ್ಲ. ಹಿತ್ತಲ ಬಾವಿಗೆ ಚಪ್ಪಡಿ ಎಳೆದು ಮುಚ್ಚಿದ್ದಾರೆ. ದೊಡ್ಡಮ್ಮನನ್ನು ಕೇಳಿದರೆ ಜ್ವರ ಬಂದು ಹೋದರು ಎನ್ನುತ್ತಾರೆ, ಮಾವನನ್ನು ಕೇಳಿದರೆ ಕಾಲು ಜಾರಿತು ಎನ್ನುತ್ತಾರೆ. "ಒಬ್ಬೊಬ್ಬರು ಒಂದೊಂದು ಹೇಳಿದರೆ ಏನೋ ಇದೆ ಅಂತ ತಾನೇ ಅರ್ಥ?" ಎಂದಳು.

"ನನಗೆ ಗೊತ್ತಿಲ್ಲ ಮಗು. ಗೊತ್ತಿದ್ದರೂ ಅದನ್ನು ಹೇಳಬೇಕಾದವರು ನಿಮ್ಮಮ್ಮ. ನಾನು ಅವರ ಜೊತೆ ಮಾತಾಡಲೇ?" ಎಂದೆ. ತಲೆಯಾಡಿಸಿದಳು.

ತಾಯಿ ಮುಂದಿನ ವಾರ ಒಬ್ಬರೇ ಬಂದರು. ತುಂಬಾ ಹೊತ್ತು ಸುಮ್ಮನೆ ಕೂತಿದ್ದು ಆಮೇಲೆ ಹೇಳಿದರು. ಅವರಿಗೆ ಐದು ವರ್ಷವಿದ್ದಾಗ ಮನೆಯಲ್ಲಿ ತಮ್ಮ ಹುಟ್ಟಿದ. ಬಾಣಂತಿಗೆ ನಾಲ್ಕೈದು ದಿನದಲ್ಲೇ ನಿದ್ದೆ ಹೋಯಿತು, ತನ್ನಷ್ಟಕ್ಕೆ ಮಾತಾಡತೊಡಗಿದರು, ಮಗು ತನ್ನದಲ್ಲ ಎಂದರು. ಮನೆಯವರು ಗಾಳಿ ಸೋಕಿದೆ ಎಂದು ತಾಯಿತ ಕಟ್ಟಿಸಿದರು. ಹನ್ನೆರಡನೆಯ ದಿನ ಬೆಳಗಿನ ಜಾವ ಬಾವಿಯಲ್ಲಿ ಸಿಕ್ಕರು. ಅಂದಿನಿಂದ ಮನೆಯಲ್ಲಿ ಆ ಮಾತಿಲ್ಲ.

"ಇವಳು ಹುಟ್ಟಿದಾಗ ನನಗೂ ಹತ್ತು ದಿನ ನಿದ್ದೆ ಇರಲಿಲ್ಲ ಡಾಕ್ಟ್ರೇ. ಗೋಡೆ ಮಾತಾಡಿದ ಹಾಗೆ ಕೇಳ್ತಿತ್ತು. ಅಮ್ಮನ ಹಾಗೇ ಆಗುತ್ತೆ ಅಂತ ಹೆದರಿ ಯಾರಿಗೂ ಹೇಳಲಿಲ್ಲ. ಹೇಗೋ ಸರಿಹೋಯ್ತು" ಎಂದರು. ಆಮೇಲೆ ನಾನು ಕೇಳಬೇಕಾಗಿದ್ದ ಪ್ರಶ್ನೆಯನ್ನು ಅವರೇ ಕೇಳಿದರು: "ದೊಡ್ಡವಳಿಗೆ ಈಗ ಏಳು ತಿಂಗಳು. ಅವಳಿಗೂ..?"

ಬಾಣಂತಿ ಸನ್ನಿ ಎಂದರೇನು?

ನಮ್ಮ ಹಿರಿಯರು ಬಾಣಂತಿ ಸನ್ನಿ ಎಂದು ಕರೆಯುತ್ತಿದ್ದುದು ಕಟ್ಟುಕಥೆಯಲ್ಲ. ಹೆರಿಗೆಯಾದ ಸಾವಿರ ಮಂದಿಯಲ್ಲಿ ಒಬ್ಬರು ಇಬ್ಬರಿಗೆ, ಸಾಮಾನ್ಯವಾಗಿ ಮೊದಲ ಎರಡು ವಾರದೊಳಗೆ, ತೀವ್ರ ಮನೋರೋಗ ಕಾಣಿಸಿಕೊಳ್ಳುತ್ತದೆ. ಮಗು ಅಳದಿದ್ದಾಗಲೂ ನಿದ್ದೆ ಬಾರದಿರುವುದು, ವಿಪರೀತ ಚಡಪಡಿಕೆ, ಗಲಿಬಿಲಿ, ಅರ್ಥವಿಲ್ಲದ ಮಾತು, ಇಲ್ಲದ ದನಿ ಕೇಳುವುದು, ಮಗುವಿನ ಬಗ್ಗೆ ವಿಚಿತ್ರ ಅನುಮಾನ ಇದರ ಲಕ್ಷಣಗಳು. ಇದು ತುರ್ತು ಚಿಕಿತ್ಸೆ ಬೇಕಾದ ಕಾಯಿಲೆ. ತಾಯಿಯ ಜೀವಕ್ಕೂ ಮಗುವಿನ ಜೀವಕ್ಕೂ ಅಪಾಯವಿರುತ್ತದೆ. ಆದರೆ ಬೇಗ ಚಿಕಿತ್ಸೆ ಸಿಕ್ಕರೆ ಬಹುತೇಕ ಎಲ್ಲರೂ ಚೇತರಿಸಿಕೊಳ್ಳುತ್ತಾರೆ. ಹೆರಿಗೆಯ ನಂತರ ಕೆಲವು ದಿನ ಸುಮ್ಮನೆ ಅಳು ಬರುವುದು ಬೇರೆ. ಅದು ಬಹಳ ಮಂದಿಗೆ ಆಗಿ ತಾನಾಗಿಯೇ ಹೋಗುತ್ತದೆ.

ತಾಯಿಗೋ ಅಕ್ಕತಂಗಿಯರಿಗೋ ಈ ಕಾಯಿಲೆ ಬಂದಿದ್ದರೆ ಬಾಣಂತಿಗೆ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು. ಹೆಚ್ಚು ಎಂದರೆ ಬಂದೇ ಬರುತ್ತದೆ ಎಂದಲ್ಲ. ಅಂಥವರಲ್ಲೂ ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ಮುಂಚೆಯೇ ಗೊತ್ತಿದ್ದರೆ ಪ್ರಸೂತಿ ವೈದ್ಯರಿಗೆ ಹೇಳಬಹುದು, ಮನೋವೈದ್ಯರ ಸಲಹೆ ಪಡೆದಿರಬಹುದು, ಬಾಣಂತಿಯ ನಿದ್ದೆಯ ಮೇಲೆ ಮನೆಯವರು ಕಣ್ಣಿಡಬಹುದು. ನಮ್ಮದೇ ಹೊಸೂರು ರಸ್ತೆಯಲ್ಲಿರುವ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಬೇರ್ಪಡಿಸದೆ ಒಟ್ಟಿಗೇ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗ 2009ರಲ್ಲೇ ಶುರುವಾಯಿತು. ಹಾಗಿದ್ದೂ ಮಡಿವಾಳದಲ್ಲಿ ಕೂತು ನಾನು "ನಿಮ್ಹಾನ್ಸ್‌ಗೆ ಒಮ್ಮೆ ತೋರಿಸಿ" ಎಂದರೆ ಎಷ್ಟೋ ಜನರ ಮುಖ ಬಾಡುತ್ತದೆ. "ಅಲ್ಲಿಗೆ ಹೋದದ್ದು ಯಾರಿಗಾದರೂ ಗೊತ್ತಾದರೆ?" ಎಂಬುದೇ ಮೊದಲ ಪ್ರಶ್ನೆ.

ಏನು ಹೇಳಬೇಕು, ಹೇಗೆ ಹೇಳಬೇಕು?

ಮನೆಯ ಎಲ್ಲ ಗುಟ್ಟನ್ನೂ ಮಕ್ಕಳ ಮುಂದೆ ಸುರಿಯಿರಿ ಎಂದು ನಾನು ಹೇಳುತ್ತಿಲ್ಲ. ಗಂಡಹೆಂಡಿರ ಜಗಳ, ಹಳೆಯ ಸಾಲ, ಅಣ್ಣತಮ್ಮಂದಿರ ಮನಸ್ತಾಪ ಇವೆಲ್ಲ ಮಕ್ಕಳ ತಲೆಯ ಹೊರೆಯಾಗಬೇಕಿಲ್ಲ. ಬದುಕಿರುವವರ ಕಾಯಿಲೆಯನ್ನು ಹೇಳುವ ಮೊದಲು ಅವರ ಒಪ್ಪಿಗೆ ಬೇಕು. ಆದರೆ ಮಗುವಿನ ದೇಹಕ್ಕೆ, ಜೀವಕ್ಕೆ ಸಂಬಂಧಿಸಿದ್ದು ಮಗುವಿಗೂ ಸೇರಿದ್ದು. ಅದನ್ನು ಬಚ್ಚಿಡುವ ಹಕ್ಕು ನಮಗಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಐವತ್ತು ತುಂಬುವ ಮೊದಲೇ ಹೃದಯಾಘಾತದಿಂದ ಹೋದ ಚಿಕ್ಕಪ್ಪ, ಸಕ್ಕರೆ ಕಾಯಿಲೆ, ಮೂರ್ಛೆರೋಗ, ಮನೋರೋಗ, ಆತ್ಮಹತ್ಯೆ, ಕುಡಿತದಿಂದಾದ ಸಾವು, ಸೋದರ ಸಂಬಂಧದ ಮದುವೆಯಲ್ಲಿ ಹುಟ್ಟಿ ಚಿಕ್ಕಂದಿನಲ್ಲೇ ತೀರಿಕೊಂಡ ಮಕ್ಕಳು ಇವನ್ನೆಲ್ಲ ವೈದ್ಯರು ಕೇಳುವುದು ಕುತೂಹಲಕ್ಕಲ್ಲ. ಯಾವ ಪರೀಕ್ಷೆ ಯಾವಾಗ ಮಾಡಿಸಬೇಕು ಎಂಬುದು ಅದರಿಂದ ನಿರ್ಧಾರವಾಗುತ್ತದೆ. ದತ್ತು ತೆಗೆದುಕೊಂಡ ಮಗುವಿಗೆ ಆ ವಿಷಯವನ್ನು ಚಿಕ್ಕಂದಿನಿಂದಲೇ, ಕಥೆಯ ಹಾಗೆ, ಪ್ರೀತಿಯಿಂದ ಹೇಳುತ್ತಾ ಬನ್ನಿ. ಹದಿನೆಂಟರಲ್ಲಿ ನೆಂಟರ ಬಾಯಿಂದ ಕೇಳಿದರೆ ಆಗುವ ಪೆಟ್ಟು ದೊಡ್ಡದು.

ಹೇಳುವಾಗ ವಯಸ್ಸಿಗೆ ತಕ್ಕಷ್ಟು ಹೇಳಿ. ಕೇಳಿದ್ದಕ್ಕೆ ಸುಳ್ಳು ಹೇಳಬೇಡಿ. "ಈಗ ಹೇಳೋದು ಕಷ್ಟ, ಭಾನುವಾರ ಕೂತು ಮಾತಾಡೋಣ" ಎಂದರೂ ಸರಿ, ಆದರೆ ಭಾನುವಾರ ಮಾತಾಡಿ. ಆತ್ಮಹತ್ಯೆಯ ವಿಷಯವಾದರೆ ಹೇಗೆ ಎಂಬ ವಿವರಕ್ಕಿಂತ, ಅದು ಕಾಯಿಲೆಯ ಫಲ, ಆ ಕಾಯಿಲೆಗೆ ಚಿಕಿತ್ಸೆ ಇದೆ ಎಂಬುದನ್ನು ಒತ್ತಿ ಹೇಳಿ. ಮಗು ಬಹಳ ಕಳವಳಪಟ್ಟರೆ, ನಿಮಗೇ ಮಾತು ಹೊರಡದಿದ್ದರೆ, ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ ಇದೆ. 14416ಕ್ಕೆ ಕರೆ ಮಾಡಿದರೆ ಹಗಲೂ ರಾತ್ರಿ ಕನ್ನಡದಲ್ಲೇ ಉಚಿತವಾಗಿ ಸಲಹೆ ಸಿಗುತ್ತದೆ.

ಪುಸ್ತಕಗಳದ್ದೂ ತಪ್ಪಿದೆ

ಈ ಪುಸ್ತಕಗಳನ್ನು ನಾನು ಪೂರ್ತಿ ಹೊಗಳಲಾರೆ. ಮೊದಲನೆಯದು, ಎಷ್ಟೋ ಪತ್ತೇದಾರಿ ಕಥೆಗಳಲ್ಲಿ ಕೊನೆಗೆ ಕೊಲೆಗಾರ ಹುಚ್ಚನೆಂದು ಗೊತ್ತಾಗುತ್ತದೆ. ಇದು ಅನ್ಯಾಯ. ಮಾನಸಿಕ ಕಾಯಿಲೆ ಇರುವವರಲ್ಲಿ ಬಹುಪಾಲು ಜನ ಯಾರಿಗೂ ಕೇಡು ಮಾಡುವವರಲ್ಲ. ಇತರರಿಂದ ಏಟು ತಿನ್ನುವವರೇ ಹೆಚ್ಚು. ಎರಡನೆಯದು, ಕಥೆಯಲ್ಲಿ ಗುಟ್ಟು ಒಂದೇ ರಾತ್ರಿಯಲ್ಲಿ ಬಯಲಾಗಿ ಎಲ್ಲವೂ ಇತ್ಯರ್ಥವಾಗುತ್ತದೆ. ಮನೆಯಲ್ಲಿ ಹಾಗಾಗುವುದಿಲ್ಲ. ಹೇಳುವವರಿಗೆ ಅಳು ಬರುತ್ತದೆ, ಅರ್ಧಕ್ಕೆ ನಿಲ್ಲುತ್ತದೆ, ಮತ್ತೆ ಶುರುವಾಗಬೇಕು. ಇವನ್ನು ಮಗನಿಗೆ ಮಗಳಿಗೆ ತಿಳಿಸಬೇಕಾದರೆ ನೀವೂ ಆ ಪುಸ್ತಕವನ್ನು ಒಮ್ಮೆ ಓದಿರಬೇಕು. ಕಿತ್ತುಕೊಂಡು ಬೀರುವಿನ ಮೇಲಿಟ್ಟರೆ ಆ ಅವಕಾಶ ಹೋಯಿತು.

ನಿದ್ದೆಯ ವಿಷಯದಲ್ಲಿ ಮಾತ್ರ ರಿಯಾಯಿತಿ ಬೇಡ. ಹದಿಮೂರರಿಂದ ಹದಿನೆಂಟರವರೆಗಿನ ಮಕ್ಕಳಿಗೆ ದಿನಕ್ಕೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ರಹಸ್ಯ ಕಥೆಯನ್ನು ಅಧ್ಯಾಯದ ಕೊನೆಯಲ್ಲಿ ನಿಲ್ಲಿಸಲಾಗದು, ಲೇಖಕರು ಹಾಗೆಯೇ ಬರೆದಿರುತ್ತಾರೆ. ಅಧ್ಯಾಯದ ನಡುವೆ ನಿಲ್ಲಿಸಲು ಹೇಳಿ. ಹೊದಿಕೆಯೊಳಗೆ ಮೊಬೈಲ್ ದೀಪದಲ್ಲಿ ಓದುವುದು ಬೇಡ. ಚೆನ್ನಾದ ಬೆಳಕಿರಲಿ, ಪುಸ್ತಕ ಕಣ್ಣಿಗೆ ಒಂದು ಅಡಿಗಿಂತ ಹತ್ತಿರ ಬಾರದಿರಲಿ, ವರ್ಷಕ್ಕೊಮ್ಮೆ ಕಣ್ಣು ಪರೀಕ್ಷೆಯಾಗಲಿ. ದಿನಾ ಸ್ವಲ್ಪ ಹೊತ್ತು ಬಯಲಿನ ಬೆಳಕಿನಲ್ಲಿರುವುದು ಕಣ್ಣಿಗೆ ಒಳ್ಳೆಯದು. ಓದಿದ ಮೇಲೆ ವಾರಗಟ್ಟಲೆ ಕೆಟ್ಟ ಕನಸು, ಒಬ್ಬರೇ ಮಲಗಲು ಭಯ, ಊಟ ಬಿಡುವುದು ಕಂಡರೆ ವೈದ್ಯರಿಗೆ ತೋರಿಸಿ. ಸಾವಿನ ಬಗ್ಗೆಯೇ ಮಾತಾಡುತ್ತಿದ್ದರೆ ತಡಮಾಡಬೇಡಿ, ಅಂದೇ ತೋರಿಸಿ.

ಆಮೇಲೆ

ತಾಯಿ ದೊಡ್ಡ ಮಗಳಿಗೂ ಅಳಿಯನಿಗೂ ವಿಷಯ ಹೇಳಿದರು. ಅಳಿಯ ಏನನ್ನುತ್ತಾನೋ ಎಂಬ ಭಯವಿತ್ತು. ಆತ, "ಇದನ್ನ ಮುಂಚೆನೇ ಹೇಳಿದ್ರೆ ಆಗ್ತಿತ್ತಲ್ಲ ಅತ್ತೆ" ಎಂದಷ್ಟೇ ಹೇಳಿ, ಮರುದಿನವೇ ಪ್ರಸೂತಿ ವೈದ್ಯರ ಬಳಿ ಕರೆದೊಯ್ದನಂತೆ. ಹೆರಿಗೆಯಾಯಿತು, ಗಂಡು ಮಗು. ರಾತ್ರಿ ಮಗುವನ್ನು ನೋಡಿಕೊಳ್ಳಲು ಮನೆಯವರು ಸರದಿ ಹಾಕಿಕೊಂಡರು, ಬಾಣಂತಿ ಎಷ್ಟು ಗಂಟೆ ಮಲಗಿದಳು ಎಂಬುದನ್ನು ಚಿಕ್ಕವಳು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. ಏನೂ ಆಗಲಿಲ್ಲ. ಬಾಣಂತನ ಮುಗಿಯಿತು. ನಾನು ಮೊದಲೇ ಹೇಳಿದಂತೆ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಆದರೆ ನಲವತ್ತು ವರ್ಷದಲ್ಲಿ ಆ ಮನೆಯಲ್ಲಿ ಹೆದರಿಕೆಯಿಲ್ಲದೆ ಆದ ಮೊದಲ ಬಾಣಂತನ ಅದು ಎಂದರು ತಾಯಿ. ಹಳ್ಳಿಮನೆಯ ಗೋಡೆಗೆ ಅಜ್ಜಿಯ ಫೋಟೋ ಬಂದಿದೆಯಂತೆ.

ನಮ್ಮ ಅತ್ತೆಯ ಬಲಗೈ ಬೆರಳುಗಳು ಇಂದಿಗೂ ಪೂರ್ತಿ ಬಿಡಿಸಿಕೊಳ್ಳುವುದಿಲ್ಲ. ಮಾತ್ರೆಯನ್ನು ಮಾತ್ರ ಈಗ ಟಿ.ವಿ. ಪಕ್ಕದಲ್ಲೇ ಎಲ್ಲರಿಗೂ ಕಾಣುವಂತೆ ಇಟ್ಟುಕೊಂಡಿದ್ದಾರೆ. ಈ ಲೇಖನದಲ್ಲಿ ಅವರ ವಿಷಯ ಬರೆಯಲೇ ಎಂದು ಕೇಳಿದಾಗ, "ಬರಿ, ಅಂದು ನೀನು ಕೇಳಿದ್ದು ತಪ್ಪಲ್ಲ ಅಂತಾನೂ ಬರಿ" ಎಂದರು.

ಈ ಭಾನುವಾರ ಒಂದು ಕೆಲಸ ಮಾಡಿ. ಮನೆಯ ಹಿರಿಯರನ್ನು ಕೂರಿಸಿಕೊಂಡು ಒಂದು ಹಾಳೆಯಲ್ಲಿ ಅಜ್ಜ ಅಜ್ಜಿ, ಅಪ್ಪ ಅಮ್ಮ, ಚಿಕ್ಕಪ್ಪ, ಅತ್ತೆ, ಮಾವ, ಚಿಕ್ಕಮ್ಮ ಎಲ್ಲರ ಹೆಸರು ಬರೆಯಿರಿ. ಮುಂದೆ ಅವರಿಗಿದ್ದ ಕಾಯಿಲೆ, ತೀರಿಹೋಗಿದ್ದರೆ ಎಷ್ಟನೆಯ ವಯಸ್ಸಿನಲ್ಲಿ, ಯಾವ ಕಾರಣದಿಂದ ಎಂದು ಬರೆಯಿರಿ. ಹಾಳೆಯನ್ನು ಮಕ್ಕಳ ಆರೋಗ್ಯದ ಫೈಲಿನಲ್ಲಿಡಿ. ಬರೆಯುವ ಕೆಲಸವನ್ನು ಮನೆಯಲ್ಲಿ ಪತ್ತೇದಾರಿ ಕಾದಂಬರಿ ಓದುವವರಿಗೇ ಕೊಡಿ. ಅವರಿಗೆ ಪ್ರಶ್ನೆ ಕೇಳುವುದು ಗೊತ್ತಿರುತ್ತದೆ.